ಬ್ಯಾನರಿನ ಮೈ, ಇಂಕಿನ ಗುಣ

ಬ್ಯಾನರ್ ಮಾಡಿಸಲು ಹೋದವರು ಮೊದಲು ಅಳತೆ ಹೇಳುತ್ತಾರೆ, ಆಮೇಲೆ ಚದರ ಅಡಿಗೆ ಎಷ್ಟೆಂದು ಕೇಳುತ್ತಾರೆ. ಯಾವ ಇಂಕಿನಲ್ಲಿ ಪ್ರಿಂಟ್ ಮಾಡುತ್ತೀರಿ ಎಂದು ಕೇಳುವವರು ಅಪರೂಪ. ಬೆಂಗಳೂರಿನ ಶಂಕರಪುರಂನಂಥ ಕಡೆ ಈ ಪ್ರಶ್ನೆಯನ್ನು ಕೇಳಲೇಬೇಕು. ಶಂಕರ ಮಠ ಇಲ್ಲೇ ಇದೆ. 1905ರ ಗಾಯನ ಸಮಾಜಕ್ಕೂ 1915ರ ಕನ್ನಡ ಸಾಹಿತ್ಯ ಪರಿಷತ್ತಿಗೂ ನಡೆದೇ ಹೋಗಬಹುದು. ರಾಮನವಮಿಗೆ ಚಾಮರಾಜಪೇಟೆಯ ಕೋಟೆ ಪ್ರೌಢಶಾಲೆ ಮೈದಾನದಲ್ಲಿ ಸಂಗೀತೋತ್ಸವದ ಚಪ್ಪರ ಏಳುತ್ತದೆ, ಕಾರ್ತಿಕದ ಕಡೆಯ ಸೋಮವಾರಕ್ಕೆ ಬಸವನಗುಡಿಯಲ್ಲಿ ಕಡಲೆಕಾಯಿ ಪರಿಷೆ. ಮುಚ್ಚಿದ ಸಭಾಂಗಣದ ಪರದೆ, ಬಿಸಿಲಿಗೆ ಬಿದ್ದ ಚಪ್ಪರದ ಬ್ಯಾನರ್, ಕ್ಲಿನಿಕ್ ಗೋಡೆಯ ಬೋರ್ಡ್, ಮನೆಯ ಹಜಾರದಲ್ಲಿ ತೂಗುಹಾಕುವ ಅಜ್ಜ ಅಜ್ಜಿಯ ದೊಡ್ಡ ಫೋಟೊ: ಇಷ್ಟಕ್ಕೂ ಒಂದೇ ಇಂಕು ಹೊಂದುವುದಿಲ್ಲ.

ವೈಡ್ ಫಾರ್ಮ್ಯಾಟ್ ಮೆಷಿನ್ನಿನಲ್ಲಿ ಸುರುಳಿಯಿಂದ ಬಿಚ್ಚಿಕೊಳ್ಳುವ ಮೀಡಿಯಾದ, ಅಂದರೆ ಪ್ರಿಂಟಾಗಬೇಕಾದ ಹಾಳೆಯ ಅಥವಾ ಬಟ್ಟೆಯ ಮೇಲೆ ಪ್ರಿಂಟ್ ಹೆಡ್ ಎಡಕ್ಕೂ ಬಲಕ್ಕೂ ಓಡುತ್ತಾ ಕೆಲವೇ ಪಿಕೋಲೀಟರ್ ಗಾತ್ರದ ಹನಿಗಳನ್ನು ಸಿಡಿಸುತ್ತದೆ. ಒಂದು ಲೀಟರನ್ನು ಲಕ್ಷ ಕೋಟಿ ಪಾಲು ಮಾಡಿದರೆ ಒಂದು ಪಾಲು ಒಂದು ಪಿಕೋಲೀಟರ್. ಅಷ್ಟು ಸಣ್ಣ ಹನಿ ಬಿದ್ದಲ್ಲೇ ಹೇಗೆ ನಿಲ್ಲುತ್ತದೆ, ಹೇಗೆ ಒಣಗುತ್ತದೆ ಎಂಬುದರಲ್ಲೇ ಇಂಕು ಇಂಕಿಗೂ ಇರುವ ವ್ಯತ್ಯಾಸವೆಲ್ಲ ಅಡಗಿದೆ.

ನಮ್ಮ ಬೀದಿಗಳನ್ನು ವರ್ಷಗಟ್ಟಲೆ ಆಳಿದ್ದು ಸಾಲ್ವೆಂಟ್ ಇಂಕು. ಅದರ ದ್ರಾವಕ ಫ್ಲೆಕ್ಸಿನ ಪಿವಿಸಿ ಮೈಯನ್ನು ತುಸು ಕರಗಿಸಿ ಬಣ್ಣವನ್ನು ಒಳಗೆ ಇಳಿಸುತ್ತದೆ. ಅದಕ್ಕೇ ಮಳೆಗೆ ಅಳಿಸಿಹೋಗುವುದಿಲ್ಲ, ಬಿಸಿಲನ್ನೂ ತಡೆಯುತ್ತದೆ, ಖರ್ಚೂ ಕಡಿಮೆ. ಆದರೆ ಆ ದ್ರಾವಕ ಆವಿಯಾಗಿ ಸೇರುವುದು ನಾವು ಉಸಿರಾಡುವ ಗಾಳಿಯನ್ನೇ. ಕಿಟಕಿಯಿಲ್ಲದ ಕೋಣೆಯಲ್ಲಿ ದಿನವಿಡೀ ಮೆಷಿನ್ನಿನ ಪಕ್ಕ ನಿಲ್ಲುವ ಹುಡುಗನ ಆರೋಗ್ಯವೂ ಚದರ ಅಡಿಯ ದರದಲ್ಲಿ ಸೇರಿದೆ ಎಂಬುದನ್ನು ನಾವು ಮರೆಯಬಾರದು. ಇಕೋ ಸಾಲ್ವೆಂಟಿನ ವಾಸನೆ ಸೌಮ್ಯ, ಚಿತ್ರವೂ ನಯ. ಹಾಗಿದ್ದರೂ ಅದು ದ್ರಾವಕವೇ, ಗಾಳಿಯಾಡುವ ಜಾಗ ಬೇಕೇ ಬೇಕು. ಪ್ರಿಂಟಾದ ವಿನೈಲನ್ನು ಒಂದು ದಿನವಾದರೂ ಆರಲು ಬಿಡದೆ ಲ್ಯಾಮಿನೇಷನ್ ಮಾಡಿದರೆ ಒಳಗೆ ಉಳಿದ ಆವಿ ಅಂಟನ್ನು ಕೆಡಿಸುತ್ತದೆ. ನಾಳೆ ಬೆಳಿಗ್ಗೆಯೇ ಬೇಕು ಎಂದು ಅಂಗಡಿಯವರನ್ನು ಅವಸರಪಡಿಸುವವರು ಇದನ್ನು ತಿಳಿದಿರಬೇಕು.

ಇಂಕಿಗಿಂತ ದೊಡ್ಡ ತೊಡಕು ಫ್ಲೆಕ್ಸಿನದೇ. 2016ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ಪ್ಲಾಸ್ಟಿಕ್ ಬ್ಯಾನರ್, ಬಂಟಿಂಗ್, ಫ್ಲೆಕ್ಸ್‌ಗಳನ್ನು ನಿಷೇಧಿಸಿತು. 2018ರ ಆಗಸ್ಟ್‌ನಲ್ಲಿ ಹೈಕೋರ್ಟ್ ಬಿಗಿಯಾಗಿ ಹೇಳಿದ ಮೇಲೆ ಬಿಬಿಎಂಪಿ ಬೀದಿಬೀದಿಯ ಫ್ಲೆಕ್ಸ್‌ಗಳನ್ನು ಕಿತ್ತುಹಾಕಿತು. ಬಟ್ಟೆಯ ಕಡೆಗೆ ಜನ ತಿರುಗಲು ಇದೂ ಒಂದು ಕಾರಣ, ಮತ್ತು ಬಟ್ಟೆಗೆ ಬಂದರೆ ಇಂಕಿನ ಲೆಕ್ಕವೇ ಬದಲಾಗುತ್ತದೆ. ಸಬ್ಲಿಮೇಷನ್ ಇಂಕನ್ನು ಸಾಮಾನ್ಯವಾಗಿ ಕಾಗದದ ಮೇಲೆ ಪ್ರಿಂಟ್ ಮಾಡಿ, ಸುಮಾರು 200 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಬಟ್ಟೆಗೆ ಒತ್ತುತ್ತಾರೆ. ಬಣ್ಣ ಆವಿಯಾಗಿ ನೂಲಿನೊಳಕ್ಕೇ ಹೋಗುತ್ತದೆ. ಮಡಿಸಿದರೂ ಒಗೆದರೂ ಸಿಪ್ಪೆ ಏಳುವುದಿಲ್ಲ, ದೀಪದ ಬೆಳಕಿಗೆ ಹೊಳಪು ಹೊಡೆಯುವುದಿಲ್ಲ. ಸಂಗೀತ ಕಛೇರಿಯ ವೇದಿಕೆಯ ಹಿಂದೆ ವರ್ಷವರ್ಷವೂ ಕಟ್ಟುವ ಪರದೆಗೆ ಇದಕ್ಕಿಂತ ಒಳ್ಳೆಯದು ನನಗಂತೂ ಕಾಣುವುದಿಲ್ಲ.

ಆದರೆ ಸಬ್ಲಿಮೇಷನ್ ಹಿಡಿಯುವುದು ಪಾಲಿಯೆಸ್ಟರಿಗೆ, ಹತ್ತಿಗಲ್ಲ. ಪಾಲಿಯೆಸ್ಟರೂ ಪ್ಲಾಸ್ಟಿಕ್ಕೇ. ಬಟ್ಟೆ ಬ್ಯಾನರ್ ಎಂದು ಕೊಟ್ಟ ಮಾತ್ರಕ್ಕೆ ಅದು ಮಣ್ಣಿನಲ್ಲಿ ಕರಗುತ್ತದೆಂದು ನಂಬಬೇಡಿ. ಪರಿಷೆಯಂಥ ನಾಲ್ಕು ದಿನದ ಕೆಲಸಕ್ಕೆ ಹತ್ತಿ ಬಟ್ಟೆಯೇ ಸರಿ. ಅದಕ್ಕೆ ಹೊಂದುವ ಪಿಗ್ಮೆಂಟ್ ಇಂಕು ಬೇಕು, ಶಾಖ ಕೊಟ್ಟು ಬಣ್ಣವನ್ನು ಭದ್ರ ಮಾಡಬೇಕು.

2008ರಲ್ಲಿ ಎಚ್‌ಪಿ ಕಂಪನಿ ತಂದ ಲೇಟೆಕ್ಸ್ ಇಂಕಿಗೆ ನೀರೇ ಆಧಾರ. ಮೆಷಿನ್ನಿನ ಶಾಖಕ್ಕೆ ನೀರು ಆರಿ, ಪಾಲಿಮರ್ ಕಣಗಳು ಕರಗಿ ಬಣ್ಣದ ಮೇಲೆ ಪದರವಾಗುತ್ತವೆ. ಹೊರಬರುವಾಗಲೇ ಒಣಗಿರುತ್ತದೆ, ವಾಸನೆ ಇಲ್ಲವೆನ್ನುವಷ್ಟು ಕಡಿಮೆ. ಆಸ್ಪತ್ರೆ, ಶಾಲೆಯ ಗೋಡೆಗಳಿಗೆ ದುಬಾರಿಯಾದರೂ ಇದನ್ನೇ ಕೇಳಿ. ಇದನ್ನೇ ಪಿವಿಸಿ ಫ್ಲೆಕ್ಸಿನ ಮೇಲೆ ಹೊಡೆಸಿದರೆ ಮಾತ್ರ ಕಸ ಕಸವೇ.

ಯುವಿ ಇಂಕಿನ ದಾರಿ ಬೇರೆ. ಅದು ಆರುವುದಿಲ್ಲ, ನೇರಳಾತೀತ ದೀಪದಡಿ ಕ್ಷಣದಲ್ಲಿ ಗಟ್ಟಿಯಾಗುತ್ತದೆ. ಗಾಜು, ಮರ, ಅಕ್ರಿಲಿಕ್, ಸನ್‌ಬೋರ್ಡ್ ಮೇಲೆ ನಿಲ್ಲುತ್ತದೆ, ಕಪ್ಪು ಹಲಗೆಯ ಮೇಲೆ ಬಿಳಿ ಅಕ್ಷರವನ್ನೂ ಮೂಡಿಸುತ್ತದೆ. ಬಣ್ಣ ಮೇಲ್ಮೈಯಲ್ಲೇ ಕೂರುವುದರಿಂದ ಮಡಿಸುವ ಬಟ್ಟೆಯ ಮೇಲೆ ಬಿರುಕು ಬಿಡಬಹುದು. ಗಟ್ಟಿಯಾಗದ ಇಂಕು ಚರ್ಮಕ್ಕೆ ಅಲರ್ಜಿ ತರಬಹುದು, ಕೆಲಸಗಾರರಿಗೆ ಗ್ಲೌಸ್ ಬೇಕು.

ಅಜ್ಜ ಅಜ್ಜಿಯ ಫೋಟೊಗೆ ನೀರಿನ ಪಿಗ್ಮೆಂಟ್ ಇಂಕು, ಒಳ್ಳೆಯ ಕಾಗದ, ಮುಂದೆ ಗಾಜು. ಡೈ ಇಂಕು ಇನ್ನೂ ಗಾಢವಾಗಿ ಕಂಡೀತು, ಆದರೆ ಬೆಳಕಿಗೆ ಬೇಗ ಮಾಸುತ್ತದೆ.

ಅಂಗಡಿಯಲ್ಲಿ ಸಾಮಾನ್ಯವಾಗಿ ಒಂದೆರಡು ಮೆಷಿನ್‌ಗಳಿರುತ್ತವೆ, ಇರುವುದನ್ನೇ ಒಳ್ಳೆಯದೆನ್ನುವುದು ಸಹಜ. ಆದ್ದರಿಂದ ಬ್ಯಾನರ್ ಎಲ್ಲಿ ಕಟ್ಟುತ್ತೀರಿ, ಎಷ್ಟು ದಿನ ಇರಬೇಕು, ಆಮೇಲೆ ಮಡಿಸಿಡುತ್ತೀರೋ ಎಸೆಯುತ್ತೀರೋ, ಇದನ್ನು ಅಳತೆಗೆ ಮೊದಲೇ ಹೇಳಿ. ಅದೇ ಮೀಡಿಯಾದ ಮೇಲೆ ಅಂಗೈಯಗಲದ ತುಂಡೊಂದನ್ನು ಪ್ರಿಂಟ್ ಮಾಡಿಸಿ, ಒದ್ದೆ ಬಟ್ಟೆಯಲ್ಲಿ ಉಜ್ಜಿ, ಮಡಿಸಿ ನೋಡಿ. ಬಿಲ್ಲಿನಲ್ಲಿ ಬಟ್ಟೆಯ ಜಾತಿಯನ್ನೂ ಇಂಕಿನ ಹೆಸರನ್ನೂ ಬರೆಸಿಕೊಳ್ಳಿ.