ಮಕರವೂ ಹಾರುವ ಓತಿಯೂ

ಅರಸೀಕೆರೆಯಲ್ಲಿ ಸಭೆ ಮುಗಿದ ಮೇಲೆ ತಾಯಿಯೊಬ್ಬಳು ಮಗನನ್ನು ಮುಂದೆ ಮಾಡಿಕೊಂಡು ನಮ್ಮ ಬಳಿಗೆ ಬಂದಳು. ಹುಡುಗ ಕಾಲೇಜಿನಲ್ಲಿ ಜೀವಶಾಸ್ತ್ರ ಓದುತ್ತಿದ್ದಾನೆ. “ಮನುಷ್ಯ ಮಂಗನಿಂದ ಬಂದನಂತೆ ಬುದ್ಧಿ. ನಾಳೆ ಇವನು ಲಿಂಗಪೂಜೆಯನ್ನೂ ಬಿಟ್ಟಾನು” ಎಂಬುದು ಆಕೆಯ ಆತಂಕ. ಪಕ್ಕದಲ್ಲಿದ್ದ ಹಿರಿಯರೊಬ್ಬರು ಸಮಾಧಾನ ಹೇಳಿದರು: “ಮತ್ಸ್ಯ, ಕೂರ್ಮ, ವರಾಹ, ನರಸಿಂಹ, ವಾಮನ. ಡಾರ್ವಿನ್ ಹೇಳಿದ್ದೂ ಇದನ್ನೇ, ನಮ್ಮವರು ಮೊದಲೇ ಹೇಳಿದ್ದರು.” ತಾಯಿಗೆ ನೆಮ್ಮದಿಯಾಯಿತು. ಹುಡುಗನ ಮುಖ ಬಾಡಿತು. ನ್ಯಾಯ ಹುಡುಗನ ಕಡೆಗಿದೆ ಎಂದು ನಮಗೆ ತೋರಿತು.

ಬೇಲೂರಿಗೆ ಹೋದವರು ಚೆನ್ನಕೇಶವನ ಪ್ರಭಾವಳಿಯಲ್ಲಿ ದಶಾವತಾರಗಳನ್ನು ನೋಡಿರುತ್ತೀರಿ. ಹಿರಿಯರ ಹೋಲಿಕೆ ಕೇಳಲು ಸೊಗಸು. ಆದರೆ ಅವತಾರಗಳು ಏಣಿಯ ಮೆಟ್ಟಿಲುಗಳಂತೆ ಒಂದಾದ ಮೇಲೊಂದು ಬರುತ್ತವೆ. ಡಾರ್ವಿನ್ 1859ರಲ್ಲಿ ಮುಂದಿಟ್ಟದ್ದು ಏಣಿಯನ್ನಲ್ಲ, ಕವಲೊಡೆಯುವ ಮರವನ್ನು. ಆಮೆ ಹಂದಿಯಾಗಲಿಲ್ಲ, ಇಂದಿನ ಮಂಗ ಮನುಷ್ಯನಾಗಲಿಲ್ಲ. ನಮಗೂ ಚಿಂಪಾಂಜಿಗೂ ಸುಮಾರು 60–70 ಲಕ್ಷ ವರ್ಷಗಳ ಹಿಂದೆ ಸಮಾನ ಪೂರ್ವಿಕರಿದ್ದರು, ಅಷ್ಟೇ. ಅವತಾರಕಥೆ ಹೇಳುವುದು ಧರ್ಮರಕ್ಷಣೆಯ ಮಾತನ್ನು. ಅದನ್ನು ಜೀವಶಾಸ್ತ್ರದ ಪಾಠ ಮಾಡಹೊರಟರೆ ಕಥೆಯೂ ಕೆಟ್ಟಿತು, ಪಾಠವೂ ಕೆಟ್ಟಿತು.

ಹುಡುಗನಿಗೆ ನಾವು ಹಳೇಬೀಡಿನ ಮಕರವನ್ನು ನೆನಪಿಸಿದೆವು. ಹೊಯ್ಸಳೇಶ್ವರನ ಗುಡಿಯ ಹೊರಗೋಡೆಯಲ್ಲಿ ಕೆಳಗೆ ಆನೆ, ಅದರ ಮೇಲೆ ಸಿಂಹ, ಬಳ್ಳಿ, ಕುದುರೆ ಸವಾರರು, ಪುರಾಣಕಥೆ. ಇನ್ನೂ ಮೇಲೆ ಮಕರ, ಹಂಸ. ಆ ಮಕರಕ್ಕೆ ಸೊಂಡಿಲು ಆನೆಯದು, ಬಾಲ ನವಿಲಿನದು. ಶಿಲ್ಪಿ ಯಾವ ಪ್ರಾಣಿಯಿಂದ ಏನನ್ನು ಬೇಕಾದರೂ ಸಾಲ ತಂದಾನು. ಪ್ರಕೃತಿಗೆ ಆ ಸಲಿಗೆಯಿಲ್ಲ. ತಾಯಿತಂದೆಗಳಿಂದ ಬಂದ ಶರೀರದಲ್ಲೇ ಸಣ್ಣಪುಟ್ಟ ವ್ಯತ್ಯಾಸಗಳು ಹುಟ್ಟಬೇಕು; ಬದುಕಿಗೆ ಒದಗಿದವು ಹೆಚ್ಚು ಸಂತಾನ ಬಿಟ್ಟು ತಲೆಮಾರುಗಳಲ್ಲಿ ಉಳಿಯಬೇಕು. ಬೇಲೂರಿನಿಂದ ಪಶ್ಚಿಮಕ್ಕೆ ಮೂಡಿಗೆರೆಯ ಕಾಡುಗಳ ಕಡೆ ಹಾರುವ ಓತಿಯಿದೆ. ತೇಜಸ್ವಿಯವರ ‘ಕರ್ವಾಲೊ’ (1980) ಓದಿದವರಿಗೆ ಅದು ಪರಿಚಿತ. ಅದಕ್ಕೆ ಹಕ್ಕಿಯ ರೆಕ್ಕೆ ಸಿಗಲಿಲ್ಲ. ಇದ್ದ ಪಕ್ಕೆಲುಬುಗಳೇ ನೀಳವಾಗಿ, ಚರ್ಮವನ್ನು ಕೊಡೆಯ ಕಡ್ಡಿಗಳಂತೆ ಬಿಡಿಸಿ ಹಿಡಿಯುತ್ತವೆ; ಓತಿ ಮರದಿಂದ ಮರಕ್ಕೆ ತೇಲುತ್ತದೆ. ಬಾವಲಿಯ ರೆಕ್ಕೆ, ಹಸುವಿನ ಮುಂಗಾಲು, ನಮ್ಮ ಕೈ, ಇವುಗಳ ಮೂಳೆಗಳ ಜೋಡಣೆಯೂ ಮೂಲತಃ ಒಂದೇ. ಕೆಲವು ಉದ್ದವಾಗಿವೆ, ಕೆಲವು ಕೂಡಿಕೊಂಡಿವೆ. ಜೀವಿಗಳು ಬಂಧುಗಳೆಂಬುದಕ್ಕೆ ಇದಕ್ಕಿಂತ ಹತ್ತಿರದ ಸಾಕ್ಷಿ ಬೇಕೆ?

2023ರಲ್ಲಿ ಎನ್‌ಸಿಇಆರ್‌ಟಿಯ 10ನೇ ತರಗತಿಯ ವಿಜ್ಞಾನ ಪುಸ್ತಕದಿಂದ ವಿಕಾಸದ ಪಾಠವನ್ನು, ಹೊರೆ ಇಳಿಸುವ ಕಾರಣ ಹೇಳಿ, ಕೈಬಿಟ್ಟರು. 1,800ಕ್ಕೂ ಹೆಚ್ಚು ವಿಜ್ಞಾನಿಗಳು, ಶಿಕ್ಷಕರು ಪತ್ರ ಬರೆದು ಆಕ್ಷೇಪಿಸಿದರು. ಅವರ ಮಾತು ನಮಗೆ ಸರಿಯೆನಿಸುತ್ತದೆ. ಕಾಲೇಜಿನಲ್ಲಿ ಜೀವಶಾಸ್ತ್ರ ತೆಗೆದುಕೊಳ್ಳದ ಮಗು ಇದನ್ನು ಇನ್ನೆಲ್ಲಿ ಓದೀತು?

ತಾಯಿಗೆ ನಾವು ಹೇಳಿದ್ದು ಇಷ್ಟು: “ಹುಟ್ಟಿನಿಂದ ಮೇಲುಕೀಳು ಎಣಿಸಬಾರದೆಂದ ಶರಣರ ದಾರಿಯವರು ನಾವು. ನಮ್ಮ ಮೂಲ ಪ್ರಾಣಿಕುಲದಲ್ಲಿದೆ ಎಂದ ಮಾತ್ರಕ್ಕೆ ಕುಗ್ಗುವುದೇಕೆ?” ಹುಡುಗನಿಗೂ ಒಂದು ಮಾತು ಬೇಕಾಗಿತ್ತು. ಡಾರ್ವಿನ್ನನನ್ನು ಓದಿ ದೇವರಿಲ್ಲವೆಂದು ಸಿದ್ಧವಾಯಿತೆನ್ನುವವರೂ ಆ ಹಿರಿಯರಂತೆಯೇ ಅವಸರದವರು. ಅಂಗೈಯ ಮೂಳೆಗಳು ಹೇಗೆ ಬಂದವೆಂದು ವಿಜ್ಞಾನ ಹೇಳುತ್ತದೆ. ಆ ಅಂಗೈಯಲ್ಲಿ ಲಿಂಗವನ್ನು ಹಿಡಿಯಬೇಕೋ, ಬೇರೆಯವರ ಮೇಲೆ ಎತ್ತಲು ಕೋಲನ್ನು ಹಿಡಿಯಬೇಕೋ ಎಂಬುದು ಅದರ ಪ್ರಶ್ನೆಯಲ್ಲ, ನಮ್ಮದು.

ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದು, “ಮಕರದ ಹಲ್ಲು ಯಾವ ಪ್ರಾಣಿಯದು?” ಎಂದು ಕೇಳಿದ. ನಾವು ಗಮನಿಸಿರಲಿಲ್ಲ. ಭಾನುವಾರ ತಾಯಿಯೊಡನೆ ಹಳೇಬೀಡಿಗೆ ಹೋಗಿ ನೋಡಿಬಂದು ಹೇಳುತ್ತೇನೆಂದು ಹೊರಟ.