ಫಿಲ್ಟರು ಕೊಳ್ಳುವ ಮುನ್ನ ಮನೆಯ ಲೋಟ ಎಣಿಸಿ

"ಕಾಫಿ ಆಯ್ತಾ?" ಎಂದು ಕೇಳಿದ ಮೇಲೇ ಹಾಸನದ ಕಡೆ ಮಿಕ್ಕ ಮಾತು. ಪಕ್ಕದಲ್ಲೇ ಸಕಲೇಶಪುರದ ಕಾಫಿ ತೋಟಗಳು. ಅಂಥ ಊರಿನಲ್ಲಿ ಕಾಫಿ ಸರಿಯಿಲ್ಲವೆಂದು ಒಂದು ಮನೆಗೇ ಬೀಗ ಹಾಕುವ ಮಾತು ಬಂತೆಂದರೆ ನೀವು ನಂಬುತ್ತೀರಾ? ನಮ್ಮಲ್ಲಿ ಆದದ್ದು ಹಾಗೇ.

ನಮ್ಮ ಅತ್ತೆಯವರು ತೀರಿಕೊಂಡು ಒಂದು ವರ್ಷವಾಯಿತು. ಮಾವನವರಿಗೆ 78 ವರ್ಷ. ಮೈಸೂರಿಗೆ ಬಂದು ನಮ್ಮ ಜೊತೆ ಇರಿ ಎಂದರೆ, "ಕೈಕಾಲು ಗಟ್ಟಿ ಇರೋ ತನಕ ಇಲ್ಲೇ ಇರ್ತೀನಮ್ಮಾ" ಎಂದರು. ಅಡಿಗೆಗೆ ಒಬ್ಬ ಹೆಂಗಸು ಬರುತ್ತಾಳೆ, ಆದರೆ ಅವಳು ಬರುವುದು ಒಂಬತ್ತಕ್ಕೆ. ಬೆಳಗಿನ ಐದು ಗಂಟೆಯ ಕಾಫಿ ಅವರೇ ಮಾಡಿಕೊಳ್ಳಬೇಕು. ಐವತ್ತು ವರ್ಷ ಕೂತಲ್ಲಿಗೇ ಲೋಟ ಬರುತ್ತಿದ್ದ ಮನುಷ್ಯ!

ಫೋನು ಮಾಡಿದಾಗಲೆಲ್ಲ ಒಂದೇ ದೂರು. "ಕಾಫಿ ಸರಿ ಬರ್ತಿಲ್ಲ ಕಣಮ್ಮ. ಕಲಗಚ್ಚು ಕುಡಿದ ಹಾಗಾಗುತ್ತೆ. ಆ ರುಚಿ ಅವಳ ಜೊತೇನೇ ಹೋಯ್ತು." ಇದು ನಾಲಿಗೆಯ ದೂರಲ್ಲ, ಮನಸ್ಸಿನ ದುಃಖ ಎಂದೇ ನಾವೆಲ್ಲ ತಿಳಿದೆವು. ಒಂದು ದಿನ ಅವರೇ, "ಮನೆ ಬಾಡಿಗೆಗೆ ಕೊಟ್ಟುಬಿಡಿ, ನಾನು ಬಂದ್ಬಿಡ್ತೀನಿ. ಒಂದು ಲೋಟ ಕಾಫಿ ಮಾಡಿಕೊಳ್ಳೋಕ್ಕಾಗದೋನು ಒಬ್ಬನೇ ಹೇಗಿರಲಿ?" ಎಂದರು. ಆ ದನಿ ಕೇಳಿ ನನಗೆ ಕರುಳು ಚುರುಕ್ ಎಂದಿತು.

ಯಂತ್ರ ಬಂತು, ಅಟ್ಟ ಸೇರಿತು

ನಮ್ಮ ಯಜಮಾನರು ಕೂಡಲೇ ಸಾವಿರಗಟ್ಟಲೆ ಕೊಟ್ಟು ವಿದ್ಯುತ್ತಿನ ಕಾಫಿ ಮೇಕರ್ ತಂದುಕೊಟ್ಟರು. ನೀರು ತಾನೇ ಕಾದು, ಮೇಲೇರಿ, ಪುಡಿಯ ಮೇಲೆ ಬಿದ್ದು, ಕೆಳಗಿನ ಗಾಜಿನ ಪಾತ್ರೆಗೆ ಇಳಿಯುತ್ತದೆ. ಯಂತ್ರದಲ್ಲಿ ದೋಷವೇನಿರಲಿಲ್ಲ. ಆದರೆ ಅಂಥವು ಹಾಲಿಲ್ಲದೆ ದೊಡ್ಡ ಬಟ್ಟಲು ತುಂಬ ಕಪ್ಪು ಕಾಫಿ ಕುಡಿಯುವವರಿಗೆಂದು ಹುಟ್ಟಿದ ಯಂತ್ರಗಳು. ಬೇಗ ಇಳಿಯುತ್ತದೆ, ತೆಳ್ಳಗಿರುತ್ತದೆ. ಅದಕ್ಕೆ ನಮ್ಮಂತೆ ಹಾಲು ಬೆರೆಸಿದರೆ ಅತ್ತ ಹಾಲೂ ಅಲ್ಲ, ಇತ್ತ ಕಾಫಿಯೂ ಅಲ್ಲ. ಸಾಲದ್ದಕ್ಕೆ ಎರಡು ದಿನ ಬೆಳಗ್ಗೆ ಕರೆಂಟೇ ಇರಲಿಲ್ಲ. ಎಂಟು ದಿನದಲ್ಲಿ ಯಂತ್ರ ಅಟ್ಟ ಸೇರಿತು. ಪೆಟ್ಟಿಗೆ ಬಿಚ್ಚಿದ್ದನ್ನು ಅಂಗಡಿಯವರು ವಾಪಸು ತೆಗೆದುಕೊಳ್ಳಲಿಲ್ಲ.

ಕೊನೆಗೆ ನಾನೇ ಒಂದು ವಾರ ಹಾಸನಕ್ಕೆ ಹೋದೆ. ಮೊದಲ ದಿನ ಬೆಳಗ್ಗೆ ಸುಮ್ಮನೆ ನಿಂತು ನೋಡಿದೆ. ಮಾವನವರು ಅತ್ತೆಯವರ ಮದುವೆಯ ಕಾಲದ ಹಿತ್ತಾಳೆ ಫಿಲ್ಟರು ತೆಗೆದರು. ಹತ್ತು ಜನಕ್ಕಾಗುವಂಥದ್ದು. ಅದಕ್ಕೆ ಎರಡು ಚಮಚ ಪುಡಿ ಹಾಕಿದರು. ತಳದ ತೂತುಗಳೂ ಪೂರ್ತಿ ಮುಚ್ಚಲಿಲ್ಲ. ಬಿಸಿನೀರು ಹೊಯ್ದದ್ದೇ ತಡ, ಎರಡು ನಿಮಿಷದಲ್ಲಿ ಎಲ್ಲ ಕೆಳಗಿಳಿಯಿತು.

"ಅತ್ತೆ ಎಷ್ಟು ಪುಡಿ ಹಾಕ್ತಿದ್ರು ಮಾವ?"

"ನಂಗೇನು ಗೊತ್ತಮ್ಮಾ? ನಾನು ಅಡಿಗೆಮನೆ ಹೊಸ್ತಿಲು ದಾಟಿದೋನೇ ಅಲ್ಲ."

ಅತ್ತೆ ದಿನವಿಡೀ ಹೋಗಿಬರುವವರಿಗೆಲ್ಲ ಸೇರಿಸಿ ಒಟ್ಟಿಗೇ ಡಿಕಾಕ್ಷನ್ ಹಾಕುತ್ತಿದ್ದರು. ಈಗ ಅದೇ ಫಿಲ್ಟರಿನಲ್ಲಿ ಒಬ್ಬರ ಕಾಫಿ. ತಪ್ಪು ಪುಡಿಯದೂ ಅಲ್ಲ, ಮಾವನವರ ಕೈಯದೂ ಅಲ್ಲ. ನೀರು ಪುಡಿಯ ದಪ್ಪ ಪದರದ ಮೂಲಕ ತೊಟ್ಟು ತೊಟ್ಟಾಗಿ ಇಳಿದರೆ ಮಾತ್ರ ಡಿಕಾಕ್ಷನ್ ಗಟ್ಟಿಯಾಗುತ್ತದೆ. ಅಗಲದ ಪಾತ್ರೆಯಲ್ಲಿ ಸ್ವಲ್ಪ ಪುಡಿ ಹರಡಿದರೆ ಪದರವೇ ಇರುವುದಿಲ್ಲ. ಅವತ್ತೇ ಪಾತ್ರೆ ಅಂಗಡಿಗೆ ಹೋಗಿ 350 ರೂಪಾಯಿಗೆ ಎರಡು ಲೋಟದ ಸ್ಟೀಲ್ ಫಿಲ್ಟರು ತಂದೆ.

ಕೊಳ್ಳುವಾಗ ಏನು ನೋಡಬೇಕು?

ಅಳತೆ: ಮನೆಯಲ್ಲಿ ಒಂದು ಹೊತ್ತಿಗೆ ಎಷ್ಟು ಲೋಟ ಕಾಫಿ ಬೇಕೋ ಅಷ್ಟರದೇ ಕೊಳ್ಳಿ. "ನೆಂಟರು ಬಂದರೆ ಇರಲಿ" ಎಂದು ದೊಡ್ಡದು ತಂದರೆ ದಿನವೂ ನೀರು ಕಾಫಿಯೇ ಗತಿ. ನೆಂಟರಿಗೆಂದು ಬೇರೆ ದೊಡ್ಡದೊಂದಿರಲಿ.

ತೂತು: ಮೇಲಿನ ಪಾತ್ರೆಯನ್ನು ಬೆಳಕಿಗೆ ಹಿಡಿದು ನೋಡಿ. ತೂತುಗಳು ಸಣ್ಣಗೆ, ಒಂದೇ ಸಮ ಇರಬೇಕು. ದೊಡ್ಡದಿದ್ದರೆ ಲೋಟದ ತಳದಲ್ಲಿ ಗಸಿ ನಿಲ್ಲುತ್ತದೆ.

ಜೋಡಣೆ: ಎರಡು ಪಾತ್ರೆಗಳನ್ನೂ ಕೂಡಿಸಿ ಬಿಡಿಸಿ ನೋಡಿ. ತೀರಾ ಬಿಗಿಯಾಗಿದ್ದರೆ ಕೆಳಗಿನ ಗಾಳಿ ಹೊರಹೋಗಲು ದಾರಿಯಿಲ್ಲದೆ ಡಿಕಾಕ್ಷನ್ ಇಳಿಯದೇ ನಿಂತುಬಿಡುತ್ತದೆ. ಬಿಸಿಯಿದ್ದಾಗ ಎಳೆಯಲು ಹೋಗಿ ಕೈ ಸುಟ್ಟುಕೊಳ್ಳುವುದೂ ಉಂಟು. ವಯಸ್ಸಾದವರಿಗೆ ಕೊಡುವುದಾದರೆ ಇದನ್ನು ಮರೆಯಬೇಡಿ.

ಲೋಹ: ಹಿತ್ತಾಳೆ ನೋಡಲು ಚೆಂದ. ಆದರೆ ಒಳಗಿನ ಕಲಾಯಿ ಹೋಗದಂತೆ ನೋಡಿಕೊಳ್ಳಬೇಕು, ಹುಣಿಸೆಹಣ್ಣು ಹಾಕಿ ತಿಕ್ಕಬೇಕು. ಒಂಟಿಯಾಗಿರುವವರಿಗೆ ಸ್ಟೀಲೇ ಸಲೀಸು.

ಬೇರೆ ಸಾಧನಗಳು

ಕಾಗದದಲ್ಲಿ ಸೋಸುವ ಪದ್ಧತಿ ಕಂಡುಹಿಡಿದವರು ನಮ್ಮಂಥ ಒಬ್ಬ ಗೃಹಿಣಿ ಎಂದು ತಿಳಿದಾಗ ನನಗೆ ಹೆಮ್ಮೆಯಾಯಿತು. ಜರ್ಮನಿಯ ಡ್ರೆಸ್ಡನ್ ಊರಿನ ಮೆಲಿಟ್ಟಾ ಬೆಂಟ್ಸ್, ಕಾಫಿಯಲ್ಲಿ ಬರುವ ಗಸಿಗೆ ಬೇಸತ್ತು, ಹಿತ್ತಾಳೆ ಪಾತ್ರೆಗೆ ತೂತು ಕೊರೆದು, ಮಗನ ನೋಟುಪುಸ್ತಕದ ಬ್ಲಾಟಿಂಗ್ ಪೇಪರ್ ಹಾಸಿ ಸೋಸಿದರು. 1908ರಲ್ಲಿ ಅದಕ್ಕೆ ಹಕ್ಕುಪತ್ರವನ್ನೂ ಪಡೆದರು. ಕಾಗದ ಕಾಫಿಯ ಜಿಡ್ಡನ್ನು ಹಿಡಿದಿಡುವುದರಿಂದ ಕೊಲೆಸ್ಟರಾಲ್ ಹೆಚ್ಚಿರುವವರಿಗೆ ಇದು ಒಳ್ಳೆಯದು.

ಒಲೆಯ ಮೇಲಿಡುವ ಮೋಕಾ ಪಾತ್ರೆ ಇಟಲಿಯದು, 1933ರಲ್ಲಿ ಬಂದದ್ದು. ಆವಿಯ ಒತ್ತಡಕ್ಕೆ ನೀರು ಕೆಳಗಿಂದ ಮೇಲಕ್ಕೆ ಪುಡಿಯ ಮೂಲಕ ಏರುತ್ತದೆ. ಐದಾರು ನಿಮಿಷದಲ್ಲಿ ಗಟ್ಟಿ ಕಾಫಿ ಸಿದ್ಧ, ಹಾಲಿಗೂ ಹೊಂದುತ್ತದೆ. ಕೆಲಸಕ್ಕೆ ಓಡುವವರಿಗೆ ಅನುಕೂಲ, ಆದರೆ ಉರಿಯ ಮುಂದೆ ನಿಂತು ಕಾಯಬೇಕು. ಗಾಜಿನ ಜಾಡಿಯಲ್ಲಿ ಪುಡಿ ನೆನೆಸಿ ಜಾಲರಿಯಿಂದ ಒತ್ತುವ ಫ್ರೆಂಚ್ ಪ್ರೆಸ್ ಕೂಡ ಇದೆ. ನಡುಗುವ ಕೈಗೆ ಗಾಜು ಬೇಡ. ನಮ್ಮ ಡಿಕಾಕ್ಷನ್ನಿಗೆಂದೇ ಮಾಡಿದ ವಿದ್ಯುತ್ ಫಿಲ್ಟರುಗಳೂ ಈಗ ಸಿಗುತ್ತವೆ. ಯಂತ್ರವೇ ಬೇಕೆಂದರೆ ಅವನ್ನು ನೋಡಿ.

ಪುಡಿ ಮತ್ತು ಅಳತೆ

ಚಿಕೋರಿ ಎಂದರೆ ಒಂದು ಗಿಡದ ಬೇರನ್ನು ಹುರಿದು ಪುಡಿಮಾಡಿದ್ದು. ಡಿಕಾಕ್ಷನ್ನಿಗೆ ಬಣ್ಣ, ಮಂದ ಕೊಡುತ್ತದೆ. ಮಿಶ್ರಣದಲ್ಲಿ ಕಾಫಿ ಶೇಕಡಾ 51ಕ್ಕೆ ಕಡಿಮೆ ಇರಕೂಡದೆಂದು ನಮ್ಮ ದೇಶದ ಕಾನೂನಿದೆ. ಪೊಟ್ಟಣದ ಮೇಲೆ ಎರಡರ ಪ್ರಮಾಣವನ್ನೂ ಬರೆದಿರುತ್ತಾರೆ, ಓದಿ ಕೊಳ್ಳಿ. ಪುಡಿ ತೀರಾ ನುಣ್ಣಗಿದ್ದರೆ ತೂತು ಕಟ್ಟುತ್ತದೆ, ತರಿಯಾಗಿದ್ದರೆ ನೀರು ಓಡಿಹೋಗುತ್ತದೆ.

ಎರಡು ಲೋಟದ ಫಿಲ್ಟರಿಗೆ 3 ದೊಡ್ಡ ಚಮಚ ಪುಡಿ ಹಾಕಿ, ಒತ್ತುವ ತಟ್ಟೆಯಿಂದ ಹಗುರಾಗಿ ಒತ್ತಿ. ಮುಕ್ಕಾಲು ಲೋಟ ನೀರು ಕುದಿಸಿ, ಇಳಿಸಿ, ಅರ್ಧ ನಿಮಿಷ ಬಿಟ್ಟು ಸುತ್ತಲೂ ಹೊಯ್ಯಿರಿ. ಮುಚ್ಚಳ ಮುಚ್ಚಿ 15-20 ನಿಮಿಷ ಬಿಡಿ. ಡಿಕಾಕ್ಷನ್ ಆರಿದರೆ ನೇರ ಉರಿಗೆ ಇಡಬೇಡಿ, ಕಹಿಯಾಗುತ್ತದೆ. ಬಿಸಿನೀರಿನ ಪಾತ್ರೆಯಲ್ಲಿಟ್ಟು ಬೆಚ್ಚಗೆ ಮಾಡಿ. ತೂತು ಕಟ್ಟಿದ್ದರೆ ಸ್ಟೀಲ್ ಫಿಲ್ಟರಿನ ಮೇಲಿನ ಬರಿಯ ಪಾತ್ರೆಯನ್ನು ಒಂದರೆಗಳಿಗೆ ಉರಿಯ ಮೇಲೆ ಹಿಡಿದು, ಆರಿದ ಮೇಲೆ ತಟ್ಟಿ ತೊಳೆಯಿರಿ.

ಮಾವನವರ ಕೈ ಕೊಂಚ ನಡುಗುತ್ತದೆ. ಅದಕ್ಕೇ ಉದ್ದ ಹಿಡಿಯ ಹಗುರ ಪಾತ್ರೆಯೊಂದು ಕೊಟ್ಟು, ಫಿಲ್ಟರನ್ನು ಅಗಲ ತಟ್ಟೆಯೊಳಗಿಟ್ಟು ನೀರು ಹೊಯ್ಯುವ ಅಭ್ಯಾಸ ಮಾಡಿಸಿದೆ. ಪುಡಿಯ ಡಬ್ಬಿಯೊಳಗೇ ಅಳತೆ ಚಮಚ ಇಟ್ಟೆ. ಮೂರನೆಯ ದಿನ ಅವರೇ ಮಾಡಿ ನನಗೊಂದು ಲೋಟ ತಂದುಕೊಟ್ಟರು. ಮದುವೆಯಾಗಿ ಬಂದ ಇಷ್ಟು ವರ್ಷದಲ್ಲಿ ಅದೇ ಮೊದಲು. ಕುಡಿದು, "ಚೆನ್ನಾಗಿದೆ ಮಾವ" ಎಂದೆ. "ಅವಳದರಷ್ಟಿಲ್ಲ" ಎಂದರು. ಆದರೂ ಲೋಟ ಖಾಲಿ ಮಾಡಿದರು.

ಮನೆ ಬಾಡಿಗೆಗೆ ಕೊಡುವ ಮಾತು ಆಮೇಲೆ ಬರಲಿಲ್ಲ. ಹೋದ ವಾರ ಫೋನು ಮಾಡಿ, "ಬೆಳಗ್ಗೆ ವಾಕಿಂಗ್ ಮುಗಿಸಿ ಪಕ್ಕದ ಮನೆಯವರೂ ಎದುರುಮನೆಯವರೂ ಕಾಫಿಗೆ ಇಲ್ಲಿಗೇ ಬರ್ತಾರಮ್ಮಾ. ಎರಡು ಲೋಟದ್ದು ಸಾಲೋದಿಲ್ಲ. ನಾಲ್ಕು ಲೋಟದ್ದು ಒಂದು ನೋಡ್ತೀಯಾ?" ಎಂದರು.

ನೋಡದೆ ಇರುತ್ತೇನೆಯೇ?