ಪೇಟೆಂಟು ವಿಚಾರದಲ್ಲಿ ಗ್ರಂಥಪ್ರಮಾಣವೂ ಆಚಾರಪ್ರಮಾಣವೂ

ಪೇಟೆಂಟು ಎಂಬ ಶಬ್ದದ ಮೂಲವು ಲ್ಯಾಟಿನ್ ಭಾಷೆಯಲ್ಲಿ ‘ತೆರೆದಿರುವುದು’ ಎಂಬರ್ಥವುಳ್ಳದ್ದು. ಮುಚ್ಚದೆ, ಎಲ್ಲರೂ ಓದುವಂತೆ ಅರಸನು ಹೊರಡಿಸುತ್ತಿದ್ದ ಓಲೆಗೆ ಆ ಹೆಸರು ಸಂದಿತ್ತು. ಈಗ ಅದರ ತಾತ್ಪರ್ಯವಿಷ್ಟು: ಹೊಸದೊಂದನ್ನು ಕಂಡುಹಿಡಿದವನು ಅದರ ಕ್ರಮವನ್ನು ಲೋಕಕ್ಕೆ ತೆರೆದು ಹೇಳತಕ್ಕದ್ದು, ಅದಕ್ಕೆ ಪ್ರತಿಯಾಗಿ ರಾಜ್ಯವು ಸಾಮಾನ್ಯವಾಗಿ 20 ವರ್ಷಗಳವರೆಗೆ ಅನ್ಯರು ಅದನ್ನು ಬಳಸದಂತೆ ತಡೆಯುವ ಹಕ್ಕನ್ನು ಅವನಿಗೆ ಕೊಡುವುದು. ಹಳೆಯದಕ್ಕೆ ಈ ಹಕ್ಕು ಸಲ್ಲದು. ಇಷ್ಟರಲ್ಲಿ ಯಾರಿಗೂ ಭಿನ್ನಾಭಿಪ್ರಾಯವಿಲ್ಲ. ‘ಇದು ಹಳೆಯದು’ ಎಂಬುದಕ್ಕೆ ಪ್ರಮಾಣವಾವುದು ಎಂಬಲ್ಲಿಯೇ ವಿವಾದವು ಹುಟ್ಟುವುದು.

1995ರಲ್ಲಿ ಅಮೆರಿಕದ ಪೇಟೆಂಟು ಕಚೇರಿಯು, ಗಾಯ ಮಾಯಿಸಲು ಅರಿಸಿನವನ್ನು ಬಳಸುವ ಕ್ರಮದ ಮೇಲೆ ಮಿಸಿಸಿಪಿ ವಿಶ್ವವಿದ್ಯಾಲಯದ ವೈದ್ಯಕೇಂದ್ರಕ್ಕೆ ಹಕ್ಕು ಕೊಟ್ಟಿತು. ಬೆರಳು ಕೊಯ್ದುಕೊಂಡ ಮಗುವಿಗೆ ಅರಿಸಿನ ಮೆತ್ತದ ಮನೆ ಕನ್ನಡನಾಡಿನಲ್ಲಿ ಎಷ್ಟಿದ್ದೀತು! ಆದರೆ ಅಂದಿನ ಅಮೆರಿಕದ ಕಾಯಿದೆಯು ಪರದೇಶದ ಬಳಕೆಯನ್ನು ಸಾಕ್ಷ್ಯವೆಂದು ಒಪ್ಪುತ್ತಿರಲಿಲ್ಲ. ಪರದೇಶದಲ್ಲಿ ಅಚ್ಚಾದ ಬರಹವನ್ನು ಒಪ್ಪುತ್ತಿತ್ತು. ಆದಕಾರಣ ಭಾರತದ ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನ ಮಂಡಲಿಯು 1996ರಲ್ಲಿ ಆಕ್ಷೇಪವೆತ್ತಿದಾಗ ಮುತ್ತಜ್ಜಿಯರ ಮಾತನ್ನು ನೆಚ್ಚಲಿಲ್ಲ. ಸಂಸ್ಕೃತ, ಹಿಂದಿ, ಉರ್ದು ಮೊದಲಾದ ಭಾಷೆಗಳಿಂದ 32 ಆಧಾರಗಳನ್ನು ಒದಗಿಸಿತು. 1953ರಲ್ಲಿ ಭಾರತೀಯ ವೈದ್ಯಸಂಘದ ಪತ್ರಿಕೆಯಲ್ಲಿ ಅಚ್ಚಾದ ಲೇಖನವೂ ಅವುಗಳಲ್ಲೊಂದು. 1997ರಲ್ಲಿ ಹಕ್ಕು ರದ್ದಾಯಿತು.

ಗೆದ್ದುದು ಸರಿ, ಗೆದ್ದ ಬಗೆ ವಿಚಾರಾರ್ಹವಾದುದು. ಶ್ರುತಿಸ್ಮೃತಿಗಳೊಡನೆ ಸದಾಚಾರವನ್ನೂ ಧರ್ಮಪ್ರಮಾಣವೆಂದೆಣಿಸಿದ ನಮ್ಮ ಶಾಸ್ತ್ರಕಾರರಿಗೆ, ಬರಹವಿಲ್ಲದ ಆಚಾರವು ಅಪ್ರಮಾಣವೆಂಬ ಮಾತು ವಿಚಿತ್ರವಾಗಿ ತೋರುತ್ತಿತ್ತು. ಕಾಯಿದೆಗಳೂ ಕ್ರಮೇಣ ಇತ್ತಲೇ ತಿರುಗಿದುವು. ಭಾರತವು 2002ರ ತಿದ್ದುಪಡಿಯಿಂದ, ಸಮುದಾಯಗಳಲ್ಲಿ ಬಾಯಿಮಾತಾಗಿ ಉಳಿದ ಜ್ಞಾನವನ್ನೂ ಆಕ್ಷೇಪಣೆಗೆ ಆಧಾರವಾಗಿಸಿತು. ಅಮೆರಿಕದ 2011ರ ಕಾಯಿದೆಯು ಸ್ವದೇಶದ ಬಳಕೆ, ಪರದೇಶದ ಬಳಕೆ ಎಂಬ ಭೇದವನ್ನು ತೆಗೆದುಹಾಕಿತು. ಅದು 2013ರಲ್ಲಿ ಜಾರಿಗೆ ಬಂದಿತು.

ಆದರೂ ಪರೀಕ್ಷಕನು ತನಗೆ ತಿಳಿದ ಭಾಷೆಯ ಬರಹವನ್ನಲ್ಲದೆ ಮತ್ತೇನನ್ನು ನೋಡಬಲ್ಲನು? ಈ ಕೊರತೆಯನ್ನು ನೀಗಲು ಭಾರತವು 2001ರಲ್ಲಿ ಪಾರಂಪರಿಕ ಜ್ಞಾನದ ಕೋಶವೊಂದನ್ನು ಆರಂಭಿಸಿ, ವೈದ್ಯಗ್ರಂಥಗಳ ಯೋಗಗಳನ್ನು ಇಂಗ್ಲಿಷ್, ಫ್ರೆಂಚ್, ಜರ್ಮನ್, ಸ್ಪ್ಯಾನಿಷ್, ಜಪಾನೀ ಭಾಷೆಗಳಿಗೆ ತಂದಿತು. ಇದಕ್ಕೂ ಪೂರ್ವಪಕ್ಷವುಂಟು, ಅದು ದುರ್ಬಲವೂ ಅಲ್ಲ. ಕೋಶವು ಅನ್ಯರ ಹಕ್ಕನ್ನು ತಡೆದೀತೇ ಹೊರತು, ಆ ಜ್ಞಾನವನ್ನು ಕಾಪಾಡಿದವರಿಗೆ ಯಾವ ಹಕ್ಕನ್ನೂ ಕೊಡದು. ಕುಲಪರಂಪರೆಯಿಂದ ಗುಟ್ಟಾಗಿ ಬಂದ ಮದ್ದನ್ನು ಬರೆಯಿಸಿದ ನಾಟಿವೈದ್ಯನ ಕೈಯಲ್ಲಿ ಗುಟ್ಟೂ ಉಳಿಯದು, ಪಾಲೂ ದೊರೆಯದು.

2024ರ ಮೇ ತಿಂಗಳಲ್ಲಿ ಜಿನೀವಾದಲ್ಲಿ ಅಂಗೀಕೃತವಾದ ಒಡಂಬಡಿಕೆಯು, ಪೇಟೆಂಟು ಬೇಡುವವನು ತಾನು ಆಶ್ರಯಿಸಿದ ಜ್ಞಾನವು ಯಾವ ಜನರಿಂದ ಬಂದಿತೆಂಬುದನ್ನು, ಬಲ್ಲನಾದರೆ, ಹೇಳಬೇಕೆಂದು ವಿಧಿಸುವುದು. ಹೇಳದಿದ್ದರೆ ಅಷ್ಟರಿಂದಲೇ ಹಕ್ಕು ರದ್ದಾಗದು. ವಂಚನೆಯ ಉದ್ದೇಶವಿದ್ದರೆ ಮಾತ್ರ ಆ ಮಾತು ಬೇರೆ. ಬೀಗವಿದ್ದೂ ಬೀಗದ ಕೈಯನ್ನು ಬಾಗಿಲಲ್ಲಿಯೇ ಬಿಟ್ಟಂತಾಯಿತು.

ಕನ್ನಡದಲ್ಲಿ ಕೀರ್ತಿವರ್ಮನ ‘ಗೋವೈದ್ಯ’, ಮಂಗರಾಜನ ‘ಖಗೇಂದ್ರಮಣಿದರ್ಪಣ’ಗಳಂತಹ ಶಾಸ್ತ್ರಗ್ರಂಥಗಳುಂಟು. ಸಾಹಿತ್ಯ ಚರಿತ್ರೆಯ ಪಾಠದಲ್ಲಿ ಇವುಗಳಿಗೆ ದೊರೆಯುವುದು ಒಂದೆರಡು ಪಂಕ್ತಿ. ಪೆಟ್ಟಿಗೆಯಲ್ಲಿಟ್ಟ ತಾಳೆಯೋಲೆಯು, ಜಿಜ್ಞಾಸುಗಳಿಗೆ ದೊರೆಯುವಂತಾಗುವವರೆಗೆ, ಪ್ರಕಟಿತ ಬರಹವೆನಿಸದು. ಅಚ್ಚಾದ ಗ್ರಂಥವೂ ಮೂಲಿಕೆಯ ಹೆಸರಿನಲ್ಲಿ ಪಾಠ ತಪ್ಪಿದ್ದರೆ ಸಾಕ್ಷಿಯಾಗಿ ನಿಲ್ಲದು. ಒಂದೇ ಹೆಸರು ಸೀಮೆಯಿಂದ ಸೀಮೆಗೆ ಬೇರೆ ಬೇರೆ ಗಿಡಕ್ಕೆ ಸಲ್ಲುವುದುಂಟು. ಆದ್ದರಿಂದ ಇಂತಹ ಗ್ರಂಥದ ಸಂಪಾದಕನು ಪಾಠಾಂತರಗಳೊಡನೆ, ವೈದ್ಯರನ್ನೂ ಸಸ್ಯಶಾಸ್ತ್ರಜ್ಞರನ್ನೂ ಕೇಳಿ, ಗಿಡದ ಶಾಸ್ತ್ರೀಯ ನಾಮವನ್ನೂ ಅಡಿಯಲ್ಲಿ ಕೊಡುವುದು ಯುಕ್ತ.